ಚಾಂಥೂಗೆ ಇಟ್ಟ ಉಂಡೆ

ನಮ್ಮ ತೇಲುವ ಮನೆಯ ಪಾಯಖಾನೆಯ ಕೆಳಗೆ ಒಂದು ಪೀಪಾಯಿ ಇದೆ. ಅದರ ನೀರು ಪಕ್ಕದ ತಾಡಪಾಲಿನ ತೊಟ್ಟಿಗೆ ಹರಿದು, ಅಲ್ಲಿ ಬೆಳೆಸಿದ ಅಂತರಗಂಗೆಯ ಬೇರುಗಳ ನಡುವೆ ನುಸುಳಿ, ಆಚೆ ತುದಿಯಿಂದ ತೊನ್ಲೆ ಸಾಪ್ ಸರೋವರ ಸೇರುತ್ತದೆ. ಕೊಳೆಯನ್ನೆಲ್ಲ ಬೇರು ಹಿಡಿದುಕೊಳ್ಳುತ್ತದೆ. ಇಪ್ಪತ್ತು ದಿನಕ್ಕೊಮ್ಮೆ ಮುದಿ ಗಿಡ ಕಿತ್ತು ಹೊಸದನ್ನು ಬಿಡಬೇಕು. ಮರೆತರೆ ಗಿಡ ಕೊಳೆತು, ಹಿಡಿದಿದ್ದನ್ನೆಲ್ಲ ನೀರಿಗೇ ವಾಪಸು ಕೊಡುತ್ತದೆ.

ತೊಟ್ಟಿ ಬರುವ ಮೊದಲು ನನ್ನ ದೊಡ್ಡ ಮಗಳು ಚಾಂಥೂ ವಾಂತಿಭೇದಿಯಲ್ಲಿ ಹೋದಳು. ಆಗ ಅವಳಿಗೆ ನಾಲ್ಕು ವರ್ಷ. ಆಮೇಲೆ ಹುಟ್ಟಿದ ಮಾಲಿಸ್‌ಗೆ ಈಗ ಅದೇ ನಾಲ್ಕು. ಅಕ್ಕನ ಸುದ್ದಿಯನ್ನು ನಾವು ಅವಳಿಗೆ ಹೇಳಿಯೇ ಇರಲಿಲ್ಲ.

ಪ್ಚುಮ್ ಬೆನ್ ಹಬ್ಬದ ಹದಿನೈದು ದಿನ ಸತ್ತವರು ಹಸಿದು ಬರುತ್ತಾರೆ. ಏಳು ಪಗೋಡ ಸುತ್ತಿ, ತಮ್ಮವರು ಎಸೆದ ಎಳ್ಳನ್ನದ ಉಂಡೆ ಹುಡುಕುತ್ತಾರೆ. ಪಕ್ಕದ ಮನೆಗೂ ಒಬ್ಬಳೇ ಹೋಗಲರಿಯದ ಮಗು ಏಳು ಪಗೋಡ ಹೇಗೆ ಸುತ್ತೀತು? ಅದಕ್ಕೇ ಈ ಸಲ ಉಂಡೆಯನ್ನು ತೊಟ್ಟಿಯ ಎಲೆಗಳ ನಡುವೆ ಇಟ್ಟೆ. ಮಧ್ಯಾಹ್ನಕ್ಕೆ ಇರಲಿಲ್ಲ. ಮರುದಿನವೂ ಹಾಗೆಯೇ.

ಹಬ್ಬದ ಐದನೆಯ ದಿನ ಗಿಡ ಕೀಳಬೇಕಿತ್ತು. ಕೈ ಬರಲಿಲ್ಲ.

ಒಂಬತ್ತನೆಯ ದಿನ, ದೋಣಿಯಲ್ಲಿ ಶಾವಿಗೆ ಮಾರುವ ಯೆಮ್ ಅಜ್ಜಿ ಮೂಗು ಮುಚ್ಚಿಕೊಂಡಳು. "ಏನೇ ಸೊಖುಮ್, ಗಿಡ ಕೀಳೋಕೂ ಒಳ್ಳೇ ದಿನ ನೋಡ್ತಿದೀಯಾ? ನಿನ್ ತೊಟ್ಟಿ ನಾತಾನೇ ನನ್ ಸಾರಿಗೆ ಒಗ್ಗರಣೆ ಆಗಿದೆ."

"ಹಬ್ಬ ಮುಗೀಲಿ ಅಜ್ಜಿ."

"ಹಬ್ಬ ಸತ್ತೋರ್ದು ಕಣೆ. ಕೊಳೆಗೇನು ರಜಾನಾ?" ಎಂದವಳಿಗೆ ಎಲೆಗಳ ನಡುವಿನ ಬಿಳಿ ಉಂಡೆ ಕಂಡಿತು. ನಗು ನಿಂತಿತು. "ಇಲ್ಲಿಟ್ರೆ ಅವಳು ಇಲ್ಲೇ ಇರ್ತಾಳಲ್ಲೇ, ಹುಚ್ಚಿ."

ಇರಲಿ ಎಂದೇ ನಾನೂ ಅಂದುಕೊಂಡಿದ್ದೆ.

ಹನ್ನೊಂದನೆಯ ದಿನ, ನೆತ್ತಿಯ ಮೇಲೆ ಬಿಸಿಲು. ತೊಟ್ಟಿಯಿಂದ ಹೊರಬರುವ ನೀರನ್ನು ಬಾಟಲಿಯಲ್ಲಿ ಹಿಡಿದರೆ ಕಲಗಚ್ಚಿನ ಹಾಗಿತ್ತು. ಮಾಲಿಸ್‌ಗೆ ಬೆಳಗಿನಿಂದ ಎರಡು ಸಲ ಭೇದಿಯಾಗಿತ್ತು. ಗಾಳಿ ಇರಲಿಲ್ಲ, ಎಲೆಗಳು ಮಾತ್ರ ಅಲುಗುತ್ತಿದ್ದವು. ಅವಳು ಅಂಚಿನಲ್ಲಿ ಬೋರಲು ಮಲಗಿ, ತೋಳನ್ನು ಹೆಗಲವರೆಗೂ ತೊಟ್ಟಿಯೊಳಗೆ ಇಳಿಸಿದ್ದಳು.

"ಕೈ ತೆಗಿಯೇ!"

"ಅಕ್ಕ ಬಿಡ್ತಿಲ್ಲಮ್ಮಾ."

ಎಳೆದೆ. ಬರಲಿಲ್ಲ. ಮತ್ತೆ ಎಳೆದೆ. ಮಣಿಕಟ್ಟಿಗೆ ಸುತ್ತಿದ್ದ ಬೇರುಗಳು ಒದ್ದೆ ಕೂದಲಿನಂತೆ ಒಂದೊಂದಾಗಿ ಸಡಿಲವಾದವು.

ಆಮೇಲೆ ಯೋಚಿಸಲಿಲ್ಲ. ಒಂದು ಗಿಡವನ್ನೂ ಬಿಡದೆ ಕಿತ್ತು ದೋಣಿಗೆ ತುಂಬಿದೆ. ಹತ್ತು ಉಂಡೆ ಇಟ್ಟಿದ್ದೆ. ಬೇರುಗಳಲ್ಲಿ ಒಂದು ಅಗುಳೂ ಇರಲಿಲ್ಲ. ಮಾಲಿಸ್‌ಳನ್ನು ಬೆನ್ನಿಗೆ ಕಟ್ಟಿಕೊಂಡು ಪಗೋಡದ ಕಡೆ ಹುಟ್ಟು ಹಾಕಿದೆ. ದೋಣಿ ಒಂದು ಮಗ್ಗುಲಿಗೆ ವಾಲಿತ್ತು. ಹಸಿ ಗಿಡದ ಭಾರ ಎಂದು ನನಗೆ ನಾನೇ ಹೇಳಿಕೊಂಡೆ.

ಪಗೋಡದ ಹಿಂದಿನ ಗುಂಡಿಗೆ ಗಿಡ ಸುರಿದೆ. ಬಿಸಿಲು ಬಿದ್ದ ಕಡೆ ಸತ್ತವರು ಉಣ್ಣುವುದಿಲ್ಲ. ಅಂದು ಇನ್ನೂ ಇಡದೆ ಉಳಿದಿದ್ದ ಉಂಡೆಯನ್ನು ಗೋಡೆಯ ನೆರಳಿನಲ್ಲಿಟ್ಟೆ. "ದಾರಿ ನೋಡ್ಕೊಂಡ್ಯಾ ಚಾಂಥೂ? ಇನ್ಮೇಲೆ ಇಲ್ಲಿಗೇ ಬಾ ಮಗಳೇ. ನಾನೂ ಬರ್ತೀನಿ. ತಂಗಿ ಕೈ ಬಿಡು."

ಬರುವಾಗ ದೋಣಿ ಎಷ್ಟು ಹಗುರವಾಗಿತ್ತೆಂದರೆ ಹುಟ್ಟು ಹಾಕಲು ಭಯವಾಯಿತು. ಆರೋಗ್ಯ ಕೇಂದ್ರದ ಉಪ್ಪು ಸಕ್ಕರೆ ಪುಡಿ ಕದಡಿದ ನೀರನ್ನು ಮಾಲಿಸ್‌ಗೆ ಗುಟುಕು ಗುಟುಕಾಗಿ ಕುಡಿಸಿದೆ. ತೊಟ್ಟಿಗೆ ಎಳೆಯ ಗಿಡ ಬಿಟ್ಟೆ. ಉಳಿದ ದಿನವೆಲ್ಲ ಬೆಳಗಾಗುವ ಮೊದಲೇ ಉಂಡೆಯೊಂದಿಗೆ ಪಗೋಡಕ್ಕೆ ಹೋಗಿಬಂದೆ.

ಸತ್ತವರು ತಮ್ಮ ಲೋಕಕ್ಕೆ ಹಿಂತಿರುಗುವ ಹದಿನೈದನೆಯ ದಿನ, ಬಾಟಲಿ ತುಂಬಿ ಬಿಸಿಲಿಗೆ ಹಿಡಿದೆ. ತಳದವರೆಗೂ ತಿಳಿ. ತಿರುಗಿಸಿ ತಿರುಗಿಸಿ ನೋಡಿದೆ. ಏನೂ ಇರಲಿಲ್ಲ.

ಬಾಳೆಹಣ್ಣು ತಿನ್ನುತ್ತಾ ಮಾಲಿಸ್ ಪಕ್ಕಕ್ಕೆ ಬಂದು ನಿಂತಳು.

"ಯಾಕಮ್ಮಾ ಅಳ್ತೀಯ? ನೀರು ಚೆನ್ನಾಗಿದ್ಯಲ್ಲ."