ಎರಡು ದಿನ ತಡವಾದ ತಂತಿ

ಹನಮಂತನ ತೋಳಿಗೆ ವಿಭೂತಿ ಬಳಿಯುತ್ತಿದ್ದ ಮೌನೇಶನ ಕೈ ಪಿಳ್ಳಣ್ಣನ ಮಾತಿಗೆ ನಿಂತಿತು. ಪಿಳ್ಳಣ್ಣ ಬಿಟಿಎಂ ಲೇಔಟಿನ ಆ ಬಾಡಿಗೆ ಮನೆಯ ಮಾಲೀಕ, ಕೆಟ್ಟ ಮನುಷ್ಯನಲ್ಲ. ಹನಮಂತನ ಮಗಳು ಶೈಲಶ್ರೀ ಓದಿಕೊಳ್ಳಲೆಂದು ಬೆಳಗ್ಗೆಯೇ ತ್ಯಾಗರಾಜನಗರದ ಗೆಳತಿಯ ಮನೆಗೆ ಹೋಗಿದ್ದಳು. ಎರಡು ಗಂಟೆಗೆ ಜಯನಗರದಲ್ಲಿ ಬಿ.ಕಾಂ. ಕೊನೆಯ ಪರೀಕ್ಷೆ. ಹತ್ತು ಗಂಟೆಗೆ ಅಪ್ಪ ಎದೆ ಹಿಡಿದುಕೊಂಡು ಕುಸಿದು ತೀರಿಕೊಂಡದ್ದು ಅವಳಿಗಿನ್ನೂ ಗೊತ್ತಿರಲಿಲ್ಲ.

“ಎಕ್ಸಾಮ್ ಮುಗಿಸ್ಕೊಂಡು ಬರ್ಲಿ ಬಿಡಿ ಸಾರ್. ಈಗ ಹೇಳಿದ್ರೆ ಒಂದು ವರ್ಷ ಹಾಳಾಗುತ್ತೆ,” ಎಂದ ಪಿಳ್ಳಣ್ಣ.

ಸುತ್ತಲಿದ್ದವರು ಹೌದೆಂದರು. ಹನಮಂತನ ಹೆಂಡತಿ ತಂಗೆವ್ವ ಮಾತ್ರ ಮೌನೇಶನತ್ತ ನೋಡಿದಳು. ಗಂಡನ ಇಪ್ಪತ್ತು ವರ್ಷದ ಗೆಳೆಯ, ಅವನೇ ಹೇಳಲಿ ಎಂಬಂತೆ.

*

ಟ್ರ್ಯಾಕ್ ಸೈಕ್ಲಿಂಗಿನಲ್ಲಿ ಹನಮಂತ ರಾಜ್ಯಕ್ಕೇ ಮೊದಲಿಗನಾಗಿದ್ದವನು. ಪದಕದಿಂದ ಹೊಟ್ಟೆ ತುಂಬಲಿಲ್ಲ. ಮೌನೇಶನ ಮಾತು ಕೇಳಿ ದುಡ್ಡಿಗಾಗಿ ಸೈಕಲ್ ತುಳಿಯಲು ಹೊರಟ. ಅಂಥವನಿಗೆ ಸ್ಪರ್ಧೆಯಲ್ಲಿ ಜಾಗವಿಲ್ಲವೆಂದು ಸೈಕ್ಲಿಂಗ್ ಸಂಘದವರು ಅವನ ಹೆಸರು ಹೊಡೆದುಹಾಕಿದರು. ಆಮೇಲೆ ಉಳಿದದ್ದು ಬಿಳೇಕಹಳ್ಳಿ, ಬನಶಂಕರಿಯ ಖಾಲಿ ಬಯಲುಗಳು. ಹಗ್ಗ ಕಟ್ಟಿದ ವೃತ್ತದೊಳಗೆ ಏಳು ದಿನ ನೆಲಕ್ಕೆ ಕಾಲೂರದೆ ಸುತ್ತುತ್ತಿದ್ದ. ಊಟ, ಸ್ನಾನ, ಕ್ಷೌರ ಎಲ್ಲ ಸೈಕಲ್ ಮೇಲೆಯೇ. ಮೈಕು ಮೌನೇಶನ ಕೈಯಲ್ಲಿ.

೧೯೯೩ರಲ್ಲಿ ಹುಳಿಮಾವಿನಲ್ಲಿ, ಐದನೆಯ ದಿನ ತಂತಿ ಬಂತು. ಹನಮಂತನ ಅವ್ವ ತೀರಿಕೊಂಡಿದ್ದಳು. ಏಳನೆಯ ದಿನ ಶಾಸಕರು ಬಂದು ಹಾರ ಹಾಕುವವರಿದ್ದರು. ಮೌನೇಶ ತಂತಿಯನ್ನು ಮಡಚಿ ಜೇಬಿಗಿಟ್ಟ. ಹನಮಂತಣ್ಣ ಈಗ ಎರಡೂ ಕೈ ಬಿಟ್ಟು ಡ್ಯಾನ್ಸ್ ಮಾಡುತ್ತಾರೆಂದು ಮೈಕಿನಲ್ಲಿ ಕೂಗಿ ಹಾಡು ಹಾಕಿದ. ಹನಮಂತ ನಗುತ್ತ ಕುಣಿದ. ಮರುದಿನವೂ ಕುಣಿದ.

ಅವನು ಊರು ಮುಟ್ಟುವಷ್ಟರಲ್ಲಿ ಅವ್ವ ಮಣ್ಣಾಗಿ ಮೂರು ದಿನವಾಗಿತ್ತು. ತಂತಿಯ ಇಂಗ್ಲಿಷ್ ಅವನಿಗೆ ಬರುತ್ತಿರಲಿಲ್ಲ. ಹಾರ ಬಿದ್ದ ಮೇಲೆ ಅದನ್ನು ಕೈಗಿಟ್ಟು, ಈಗಷ್ಟೇ ಬಂತು ಎಂದ ಮೌನೇಶನ ಮಾತನ್ನು ಕೊನೆಯವರೆಗೂ ನಂಬಿದ್ದ.

*

ಮೌನೇಶ ತಂಗೆವ್ವನನ್ನು ಅಡುಗೆಮನೆಗೆ ಕರೆದ.

“ವೈನಿ, ಹುಡುಗಿಗೆ ಈಗಲೇ ಹೇಳೂಣ್ರಿ. ಹನಮಂತನ ಅವ್ವ ಹೋದಾಗ ತಂತಿ ತಡಾ ಬಂದಿರಲಿಲ್ಲ. ಎರಡು ದಿನ ನನ್ನ ಕಿಸೆದಾಗಿತ್ತು.”

ತಂಗೆವ್ವ ಒಲೆಯತ್ತ ತಿರುಗಿದಳು. ಕಟ್ಟೆಯ ಮೇಲೆ ಗಂಡನಿಗೆಂದು ಬಡಿದ ರೊಟ್ಟಿ ಮುಚ್ಚಿಟ್ಟ ಹಾಗೇ ಇತ್ತು.

“ಹೋಗ್ರಿ,” ಎಂದಳು. “ನನ್ನ ಮಗಳನ್ನ ಕರಕೊಂಡು ಬರ್ರಿ.”

ಯಾವಾಗಲೂ ಸೇರಿಸುತ್ತಿದ್ದ ‘ಅಣ್ಣಾರ’ ಎಂಬ ಮಾತು ಅದರಲ್ಲಿರಲಿಲ್ಲ.

ಶೈಲಶ್ರೀ ಕಾಲೇಜಿನ ಗೇಟಿನ ಬಳಿಯೇ ಸಿಕ್ಕಳು. ಮೌನೇಶ ಸುತ್ತಿಬಳಸದೆ ಹೇಳಿದ. ಪರೀಕ್ಷೆ ಬರೆಯುವುದು ಬಿಡುವುದು ಅವಳಿಗೇ ಬಿಟ್ಟದ್ದೆಂದೂ ಹೇಳಿದ. ಅವಳು ಎಷ್ಟು ಹೊತ್ತಾಯಿತೆಂದು ಕೇಳಿದಳು. ಹತ್ತು ಗಂಟೆಗೆ ಎಂದ. ಆಗ ಒಂದೂವರೆ.

“ಅಷ್ಟೊತ್ತಿಂದ ಅಪ್ಪ ನನಗೋಸ್ಕರ ಕಾಯ್ತಿದಾರಾ, ಕಾಕಾ?” ಎಂದು ಆಟೋ ಹತ್ತಿದಳು.



ನಾಲ್ಕಕ್ಕೆ ರುದ್ರಭೂಮಿಯಲ್ಲಿ ಮೊದಲ ಹಿಡಿ ಮಣ್ಣನ್ನು ಶೈಲಶ್ರೀ ಹಾಕಿದಳು. ಆಮೇಲೆ ಅವನತ್ತ ತಿರುಗಿ, “ನೀವು ಹಾಕಿ ಕಾಕಾ,” ಎಂದಳು. ತಂಗೆವ್ವ ನೋಡುತ್ತಿದ್ದಳು. ಮೌನೇಶ ಬಗ್ಗಿ ಒಂದು ಹಿಡಿ ತೆಗೆದುಕೊಂಡ. ಹಿಂದೆ ನಿಂತಿದ್ದವರು ಮುಂದೆ ಬಂದು ಹಾಕಿದರು, ಗುಂಡಿ ತುಂಬಿತು.

ಎಲ್ಲರೂ ಕೈ ತೊಳೆಯಲು ನಲ್ಲಿಯ ಮುಂದೆ ಸಾಲುಗಟ್ಟಿದರು. ಮೌನೇಶನ ಸರದಿ ಬಂತು. ಮಣ್ಣು ಹಿಡಿದೇ ಮುಚ್ಚಿದ ಮುಷ್ಟಿಯ ಮೇಲೆ ನೀರು ಸುಮ್ಮನೆ ಹರಿಯುತ್ತಿತ್ತು.