ಓದದ ಪುಸ್ತಕಕ್ಕೆ ಆಡಿದ ಮಾತು

ಓದದ ಪುಸ್ತಕದ ಬಗ್ಗೆ ಅಭಿಪ್ರಾಯ ಹೇಳಬಾರದೆಂದು ಕೊಟ್ರಬಸಮ್ಮನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಹೇಳಿಕೊಡುವಂಥ ಮಾತೇ ಅದು? ನಮ್ಮ ಜನ ನೋಡದ ಸಿನಿಮಾ ಬೈಯುತ್ತಾರೆ, ಉಣ್ಣದ ಮದುವೆಯ ಸಾರಿಗೆ ಉಪ್ಪು ಕಡಿಮೆ ಅನ್ನುತ್ತಾರೆ. ಯಾರ ಗಂಟು ಹೋಗುತ್ತದೆ? ಆದರೆ ಈಕೆ ಆಡಿದ ಮಾತು ಕೊಟ್ಟೂರಿನಿಂದ ಡಬ್ಲಿನ್‌ತನಕ ಹೋಗಿ ಮಗಳ ಎದೆಯಲ್ಲಿ ಕೂತಿತ್ತು.

ಕೊಟ್ರಬಸಮ್ಮನದು ಜೋಳದ ರೊಟ್ಟಿ ಬಡಿದು ಮಾರುವ ಮನೆ. ಗಂಡ ತೀರಿಕೊಂಡ ಮೇಲೆ ಆ ರೊಟ್ಟಿಯಿಂದಲೇ ಮಗಳು ಅಮೃತಾಳನ್ನು ಓದಿಸಿ, ಗವಿಸಿದ್ದೇಶನಿಗೆ ಕೊಟ್ಟು ಮದುವೆ ಮಾಡಿ, ಅವನ ಹಿಂದೆ ವಿಮಾನ ಹತ್ತಿಸಿದ್ದಳು. ದಸರೆ ಮುಗಿದ ಮೇಲೆ ಮಗಳು ಅಲ್ಲಿಂದಲೇ ಆರ್ಡರ್ ಮಾಡಿ ಅವ್ವನಿಗೊಂದು ಕಾದಂಬರಿ ಕಳಿಸಿದಳು. ಪರದೇಶಕ್ಕೆ ಮದುವೆಯಾಗಿ ಹೋದ ಹೆಣ್ಣುಮಕ್ಕಳು, ಊರಲ್ಲಿ ಉಳಿದ ಅವರ ತಾಯಂದಿರು, ಅವರದೇ ಕಥೆ.

"ಅವ್ವಾ, ಇದನ್ನ ನೀನಽ ಓದು. ಓದಿ ಹೆಂಗನಿಸ್ತು ಹೇಳು," ಎಂದಿದ್ದಳು. ಪ್ರತಿ ಫೋನಿನಲ್ಲೂ ಅದೇ ಕೇಳುತ್ತಿದ್ದಳು: ಎಲ್ಲೀತನಕ ಬಂತು ಅವ್ವಾ?

ಎಲ್ಲಿಗೂ ಬಂದಿರಲಿಲ್ಲ. ಬೆಳಿಗ್ಗೆ ಹಿಟ್ಟು ನಾದಲು ಕೂತರೆ ಸಂಜೆಗೆ ಬೆನ್ನು ನೆಟ್ಟಗಾಗದ ಹೆಂಗಸು ಯಾವಾಗ ಓದಬೇಕು? ಪುಸ್ತಕ ದೇವರ ಜಗುಲಿಯ ಮೇಲೆ ವಿಭೂತಿಯ ಪಕ್ಕ ಕೂತಿತ್ತು. ಪಕ್ಕದ ಮನೆಯಲ್ಲಿ ಮಕ್ಕಳಿಗೆ ಟ್ಯೂಷನ್ ಹೇಳುವ ರೇಖಾ ಅದನ್ನು ಒಯ್ದಳು.

"ಅರ್ಧಾ ಓದೀನಿ ಅಕ್ಕಾ," ಎಂದಳು ಒಂದು ದಿನ. "ಆ ಹುಡುಗೀಗೆ ಸೈರಣಿನಽ ಇಲ್ಲ ನೋಡ್ರಿ. ಚಳಿ ಅಂತಾಳ, ಒಬ್ಬಾಕೀನಽ ಅಂತಾಳ. ಬರೇ ಗೋಳು."

ಕೊಟ್ರಬಸಮ್ಮನಿಗೆ ಅಷ್ಟು ಸಾಕಾಯಿತು. ಮುಂದಿನ ಫೋನಿಗೆ ಅದನ್ನೇ ತನ್ನದೆಂಬಂತೆ ಬಡಿಸಿದಳು. "ಓದಿದೆ ತಗೋ. ಚಂದ ಐತಿ. ಆದ್ರ ಆ ಹುಡುಗಿ ಒಂದೀಟು ತಡ್ಕೋಬೇಕಿತ್ತವಾ. ತಾಳಿದವರು ಬಾಳ್ಯಾರು."

ಅಮೃತಾ ಕೇಳಿದಳು, "ಪೂರಾ ಓದಿದ್ಯಾ ಅವ್ವಾ?"

"ಪೂರಾ ಓದೀನಿ."

"ಹಂಗಾರ ಸರಿ ಬಿಡು."

ಅಂದಿನಿಂದ ಫೋನೇ ನಿಂತುಹೋಯಿತು. 'ಆರಾಮ ಅದೀನಿ' ಎಂಬ ಮೆಸೇಜು ಮಾತ್ರ ಬರುತ್ತಿತ್ತು. ಕೆಲಸ ಜಾಸ್ತಿ ಇರಬೇಕು ಎಂದು ಕೊಟ್ರಬಸಮ್ಮ ತನಗೆ ತಾನೇ ಸಮಾಧಾನ ಹೇಳಿಕೊಂಡಳು.

ಈ ಭಾನುವಾರ ಮಧ್ಯಾಹ್ನ ರೇಖಾ ಪುಸ್ತಕ ಹಿಡಿದು ಬಂದಳು. ಕಣ್ಣು ಊದಿದ್ದವು. ಕೊಟ್ರಬಸಮ್ಮ ಹಿಟ್ಟು ನಾದುತ್ತಿದ್ದಳು. ಕೆಲಸಕ್ಕೆ ಬರುವ ಪಕ್ಕೀರಮ್ಮ ಒಲೆಯ ಮುಂದೆ ರೊಟ್ಟಿ ಬೇಯಿಸುತ್ತಿದ್ದಳು, ಎರ್ರಮ್ಮ ಬಡಿಯುತ್ತಿದ್ದಳು.

"ಅಕ್ಕಾ, ನಾ ಅವತ್ತು ಸುಳ್ಳಽ ಹೇಳಿದ್ನಲ್ರಿ," ಎಂದು ರೇಖಾ ಕಟ್ಟೆಗೆ ಕೂತಳು. "ಪುಸ್ತಕ ಈಗ ಪೂರಾ ಓದಿದೆ. ಆ ಹುಡುಗೀನ್ನ ಗಂಡ ಹೊಡೀತಿದ್ನಂತ. ಎದುರಿಗೆ ಕುಂತು ಆಕಿ ಫೋನಿನ ಮಾತು ಕೇಳ್ತಿದ್ನಂತ. ಕುತಿಗಿ ಮ್ಯಾಲಿನ ಗುರುತು ಕಾಣಬಾರದಂತ ಹುಡುಗಿ ಸ್ಕಾರ್ಫ್ ಸುತ್ಕೊಂಡು ಅವ್ವಗ ವಿಡಿಯೋ ಕಾಲ್ ಮಾಡ್ತಿದ್ಲು. ಅವ್ವಗ ಗೊತ್ತಾಗಿತ್ತು. ಗೊತ್ತಾಗೀನೂ 'ತಾಳ್ಕೊ' ಅಂದ್ಲು. ಹುಡುಗಿ ಹಿಮದಾಗ ನಡಕೊಂತ ಹೋದಾಕಿ ತಿರುಗಿ ಬರಲೇ ಇಲ್ಲ."

"ಅಯ್ಯ ಶಿವನ!" ಪಕ್ಕೀರಮ್ಮ ಚಿಮಟ ಎಸೆದಳು. "ಆ ತಾಯಿನ್ನ ಕಂಬಕ್ಕ ಕಟ್ಟಿ ಹೊಡೀಬೇಕು."

"ಆಕೀನಾದ್ರೂ ಏನು ಮಾಡ್ಯಾಳು?" ಎಂದಳು ಎರ್ರಮ್ಮ. "ಕೊಟ್ಟ ಹೆಣ್ಣು ಕುಲಕ್ಕ ಹೊರಗ."

"ಕುಲಕ್ಕ ಹೊರಗಾದ್ರ ಹೊಟ್ಟಿಗೂ ಹೊರಗೇನು?"

ಇಬ್ಬರೂ ಜಗಳಕ್ಕೆ ಬಿದ್ದರು. ಕೊಟ್ರಬಸಮ್ಮನಿಗೆ ಏನೂ ಕೇಳಿಸಲಿಲ್ಲ. ಯುಗಾದಿಯ ವಿಡಿಯೋದಲ್ಲಿ ಅಮೃತಾ ಕುತ್ತಿಗೆ ತುಂಬ ಸ್ಕಾರ್ಫ್ ಸುತ್ತಿದ್ದಳು. "ಇಲ್ಲಿ ಚಳಿ ಅವ್ವಾ," ಎಂದಿದ್ದಳು. ಆಮೇಲೆ ವಿಡಿಯೋ ಬರಲೇ ಇಲ್ಲ, ನೆಟ್ ಸರಿ ಇಲ್ಲವಂತೆ. ಅಳಿಯ ಯಾವಾಗಲೂ ಫೋನನ್ನು ಸ್ಪೀಕರಿಗೇ ಹಾಕುತ್ತಿದ್ದ. ಅತ್ತೆಯ ಮೇಲೆ ಎಷ್ಟು ಪ್ರೀತಿ ಎಂದು ಈಕೆ ಓಣಿಯಲ್ಲೆಲ್ಲ ಹೇಳಿಕೊಂಡು ಬಂದಿದ್ದಳು!

ಬಾಯಿ ಬಿಡಲಾರದ ಮಗಳು ಪುಸ್ತಕ ಕಳಿಸಿದ್ದಳು. ಪೂರಾ ಓದಿದೆ, ತಡ್ಕೋಬೇಕಿತ್ತು ಎಂದು ಹೆತ್ತವಳೇ ತೀರ್ಪು ಕೊಟ್ಟಿದ್ದಳು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು.

ಹಿಟ್ಟಿನ ಕೈಯಲ್ಲೇ ಫೋನ್ ಹಚ್ಚಿದಳು. ರಿಂಗಾಗಿ ರಿಂಗಾಗಿ ನಿಂತಿತು. ಮತ್ತೆ ಹಚ್ಚಿದಳು. ಎತ್ತಿದವನು ಗವಿಸಿದ್ದೇಶ.

"ಅಮೃತಾ ಮಲಗ್ಯಾಳ್ರಿ ಅತ್ತಿ. ತಲಿನೋವಂತ. ಆಮ್ಯಾಲ ಮಾಡಸ್ತೀನಿ." ದನಿ ಬೆಣ್ಣೆ ಸವರಿದಂತಿತ್ತು.

ಕೇಳಿಬಿಡಲೇ? ಕೇಳಿದರೆ ಫೋನಿಟ್ಟ ಮೇಲೆ ಏಟು ಯಾರಿಗೆ? ಕೇಳದಿದ್ದರೆ ಹಿಮದ ದಾರಿ ಯಾರಿಗೆ? ಎಂದಿನಂತೆ ಸ್ಪೀಕರಿಗೇ ಹಾಕಿರಲಪ್ಪಾ, ಕೊಟ್ರೇಶಾ, ಎಂದು ಊರದೇವರನ್ನು ಬೇಡಿಕೊಂಡಳು.

"ಎಬ್ಬಸಬ್ಯಾಡ್ರಿ," ಎಂದು ಗಂಟಲು ಹರಿಯುವಂತೆ ಕೂಗಿದಳು. "ಆಕಿ ಕಳಿಸಿದ ಪುಸ್ತಕದ ಮಾತು, ಅಷ್ಟಽ ಹೇಳ್ರಿ. ನಾ ಅದನ್ನ ಓದಿದ್ದಿಲ್ಲ. ಮಂದಿ ಮಾತು ಕೇಳಿ ಸುಳ್ಳು ಹೇಳಿದ್ದೆ. ಇವತ್ತು ತಿಳೀತು. ಆ ಹುಡುಗಿ ತಡ್ಕೋಬಾರದಿತ್ತು! ಉಟ್ಟ ಸೀರಿ ಮ್ಯಾಲ ಎದ್ದು ತವರಿಗೆ ಬರಬೇಕಿತ್ತು!"

ಅಳಿಯ ನಕ್ಕ. "ಒಂದು ಕಥಿಗೆ ಯಾಕಿಷ್ಟು ಕೂಗ್ತೀರತ್ತಿ?"

ಆಗ ದೂರದಿಂದ ಸಣ್ಣ ದನಿ ಬಂತು. "ಅವ್ವಾ, ಆಕಿ ಬಂದಿದ್ರ ಅವರವ್ವ ಬಾಗಿಲಾ ತಗೀತಿದ್ಲಾ?"

"ತಗದಽ ಕುಂತಿರ್ತಿದ್ಲು ನನ್ನವ್ವಾ!"

ಏನೋ ಬಿದ್ದ ಸದ್ದು. ಫೋನು ಕಟ್ಟಾಯಿತು.

ಮತ್ತೆ ಹಚ್ಚಿದರೆ ಸ್ವಿಚ್ ಆಫ್. ಕೊಟ್ರಬಸಮ್ಮ ನೆಲಕ್ಕೆ ಕುಸಿದಳು. ನಾನೇ ಕೊಂದೆನೇನೋ, ನಾನೇ ಕೊಂದೆನೇನೋ ಎಂದು ಎದೆ ಬಡಿದುಕೊಂಡಳು. ಪಕ್ಕೀರಮ್ಮ ಅವಳ ಕೈ ಹಿಡಿದು ಕೂತಳು. ರೇಖಾ ತನ್ನ ಫೋನಿನಲ್ಲಿ ಅಲ್ಲಿಯ ಪೊಲೀಸರ ನಂಬರ್ ಹುಡುಕತೊಡಗಿದಳು. ತವೆಯ ಮೇಲಿನ ರೊಟ್ಟಿ ಹೊತ್ತಿ ಕರಕಾಯಿತು, ಯಾರೂ ತೆಗೆಯಲಿಲ್ಲ.

ಹೊತ್ತು ಇಳಿಯುವಾಗ ಕೊಟ್ರಬಸಮ್ಮನ ಫೋನು ಟಿಣ್ ಎಂದಿತು. ಗುರುತಿಲ್ಲದ ನಂಬರು. ಅವಳಿಗೆ ನೋಡುವ ಧೈರ್ಯ ಬರಲಿಲ್ಲ, ಫೋನನ್ನು ರೇಖಾಳ ಕಡೆ ಚಾಚಿದಳು. ರೇಖಾ ಓದಿದಳು:

"ಅವ್ವಾ, ನಾನು ಅಮೃತಾ. ಹೊರಗ ಬಂದೀನಿ. ಗೆಳತಿ ಮನಿಯಾಗ ಅದೀನಿ. ಪುಸ್ತಕ ಇನ್ನ ಓದಬ್ಯಾಡ. ನಾನಽ ಬಂದು ಹೇಳ್ತೀನಿ."

"ಇನ್ನೊಮ್ಮೆ ಓದವಾ," ಎಂದಳು ಕೊಟ್ರಬಸಮ್ಮ.