ಹಿಂಬಾಗಿಲ ಉದ್ಘಾಟನೆ

ಚುನಾವಣೆಯಲ್ಲಿ ಸೋತ ಮರುದಿನ ಬೆಳಿಗ್ಗೆ ಲೋರ್ನ್ ಹ್ಯಾವರ್ಟಿ ಟವೆಲನ್ನು ಹೆಗಲಿಗೆ ಹಾಕಿಕೊಂಡು ತನ್ನ ಮನೆಯ ಬಚ್ಚಲಿನ ಮುಂದೆ ನಿಂತೇ ಇದ್ದ. ಬಾಗಿಲು ತೆರೆದಿತ್ತು.

"ಒಳಗೆ ಹೋಗೋಕೆ ಏನು ಕಷ್ಟ?" ಎಂದಳು ಹೆಂಡತಿ ಗ್ಲೆನಿಸ್.

"ಇದನ್ನ ಇನ್ನೂ ಯಾರೂ ಉದ್ಘಾಟನೆ ಮಾಡಿಲ್ವಲ್ಲ."

ತಮಾಷೆಯೆಂದುಕೊಂಡಳು. ಅಲ್ಲ. ಏಳು ಸಲ ಗೆದ್ದು ಕರ್ರಿಂಬಾದ ಶಾಸಕನಾಗಿದ್ದವನು ಆಸ್ಟ್ರೇಲಿಯಾದ ಆ ಒಣ ಬಯಲಿನಲ್ಲಿ ಸೇತುವೆ, ನೀರಿನ ಟ್ಯಾಂಕು, ಕುರಿ ಮೀಯಿಸುವ ತೊಟ್ಟಿ, ಹೆದ್ದಾರಿ ಬದಿಯ ಶೌಚಾಲಯ, ಎಲ್ಲಕ್ಕೂ ರಿಬ್ಬನ್ ಕತ್ತರಿಸಿದ್ದ. ರಿಬ್ಬನ್ನಿಲ್ಲದ ಬಾಗಿಲನ್ನು ದಾಟುವುದು ಹೇಗೆಂಬುದೇ ಅವನ ಕಾಲಿಗೆ ಮರೆತುಹೋಗಿತ್ತು.

ಕೃಷಿ ಮೇಳದಲ್ಲಿ ಯಾರದೋ ಬಹುಮಾನದ ಕುಂಬಳಕಾಯಿಗೆ ಕಟ್ಟಿ ಉಳಿದಿದ್ದ ನೀಲಿ ರಿಬ್ಬನ್ನನ್ನು ಗ್ಲೆನಿಸ್ ಬಾಗಿಲಿಗೆ ಅಡ್ಡ ಕಟ್ಟಿದಳು. ಕೈಚೀಲದಿಂದ ಕತ್ತರಿ ತೆಗೆದು, ಹಿಡಿಕೆ ಅವನ ಕಡೆ, ಅಲಗು ತನ್ನ ಕಡೆ ಮಾಡಿ ಕೊಟ್ಟು, ಒಂದು ಹೆಜ್ಜೆ ಹಿಂದಕ್ಕೆ, ಎಡಕ್ಕೆ ಸರಿದು ನಿಂತಳು. ಇಷ್ಟು ವರ್ಷ ಅವಳ ಜಾಗ ಅದೇ.

"ಈ ಸೌಲಭ್ಯ ಮುಂದಿನ ಪೀಳಿಗೆಗೂ ಸಲ್ಲಲಿ," ಎಂದು ಲೋರ್ನ್ ರಿಬ್ಬನ್ ಕತ್ತರಿಸಿದ. ಒಳಗೆ ಹೋಗಿ ಹಲ್ಲುಜ್ಜಿದ.

ಅಲ್ಲಿಂದ ಫ್ರಿಜ್ಜು, ಬಟ್ಟೆಯ ಬೀರು, ಕಾರಿನ ಡಿಕ್ಕಿ. ಊರಿನವರಿಗೆ ಇದು ವಿಚಿತ್ರವೆನಿಸಲೇ ಇಲ್ಲ. ಪಕ್ಕದ ಮನೆಯ ಬೆರಿಲ್ ತನ್ನ ಹೊಸ ಕೋಳಿಗೂಡಿಗೆ ಅವನನ್ನು ಕರೆದಳು. ಬ್ಯಾಂಡು ಬಂತು, ಸಾಸೇಜು ಸುಟ್ಟರು. ಅವನನ್ನು ಸೋಲಿಸಿದ ಹೊಸ ಶಾಸಕಿಯೂ ಬಂದು ಚಪ್ಪಾಳೆ ತಟ್ಟಿದಳು. ಕೋಳಿಗಳು ಮಾತ್ರ ಭಾಷಣ ಮುಗಿಯುವ ಮೊದಲೇ ಒಳಗೆ ಹೋಗಿ ಕೂತವು.

ಗ್ಲೆನಿಸ್ ಅಷ್ಟರಲ್ಲಿ, ತಾಯಿ ಬಿಟ್ಟುಹೋಗಿದ್ದ ಹಣದಲ್ಲಿ, ದೊಡ್ಡ ಬೀದಿಯಲ್ಲಿ ಮುಚ್ಚಿಬಿದ್ದಿದ್ದ ಹಳೇ ಬ್ಯಾಂಕಿನ ಕಟ್ಟಡವನ್ನು ಕೊಂಡಿದ್ದಳು. ಚಹಾದಂಗಡಿಗೆಂದು. ಗೋಡೆಗೆ ತಾನೇ ಸುಣ್ಣ ಬಳಿದಿದ್ದಳು. ಶನಿವಾರ ಬಾಗಿಲು ತೆರೆಯುವುದೆಂದಾಯಿತು.

"ಲೋರ್ನ್ ಎಷ್ಟು ಹೊತ್ತು ಮಾತಾಡ್ತಾನೆ?" ಬೆರಿಲ್ ಕೇಳಿದಳು.

"ಅಂಗಡಿ ನನ್ನದು, ಬೆರಿಲ್."

"ಅದಕ್ಕೇ ನಿನ್ನ ಕೇಳಿದ್ದು ಕಣೇ. ಸ್ಕೋನ್ ಬನ್ನು ಯಾವಾಗ ಒಲೆಗೆ ಇಡೋದು ಅಂತ ಗೊತ್ತಾಗ್ಬೇಕಲ್ಲ."

ಗ್ಲೆನಿಸ್ ನಕ್ಕಳು. ಆದರೆ ಮನಸ್ಸಿನಲ್ಲೇ ಅಂದುಕೊಂಡಳು: ಈ ಜನ್ಮದಲ್ಲಿ ಒಂದೇ ಒಂದು ಬಾಗಿಲನ್ನಾದರೂ ತಾನು ಮೊದಲು ದಾಟಬೇಕು. ಅದನ್ನು ಗಂಡನಿಗೆ ಹೇಳಲು ಬಾಯಿ ಬರಲಿಲ್ಲ. ತಾನು ಕತ್ತರಿ ಕೊಡುವುದನ್ನು ನಿಲ್ಲಿಸಿದರೆ ಇವನು ಯಾವ ಹೊಸ್ತಿಲಲ್ಲಿ ಶಾಶ್ವತವಾಗಿ ನಿಂತುಬಿಡುತ್ತಾನೋ ಎಂದು ದಿಗಿಲು. ದಿಗಿಲಿನ ಜೊತೆಗೆ ಸಿಟ್ಟು. ಎರಡನ್ನೂ ಹಿಟ್ಟಿಗೆ ಹಾಕಿ ನಾದಿದಳು.

ಶನಿವಾರ ಲೋರ್ನ್ ಸೂಟು ತೊಟ್ಟು, ಅಂಗಡಿಯ ಮುಂಬಾಗಿಲಿಗೆ ತಾನೇ ರಿಬ್ಬನ್ ಕಟ್ಟಿ, ಅವಳ ಕೈಚೀಲದ ಕತ್ತರಿ ಹಿಡಿದು ಜನರಿಗಾಗಿ ಕಾದ. ಯಾರೂ ಬರಲಿಲ್ಲ.

ಕರ್ರಿಂಬಾದಲ್ಲಿ ಮುಂಬಾಗಿಲಿಗೆ ಬರುವವರು ಪೊಲೀಸರು, ಪಾದ್ರಿ ಮತ್ತು ವೋಟು ಕೇಳುವವರು. ಉಳಿದವರೆಲ್ಲ ಹಿತ್ತಿಲಿನಿಂದ ಬಂದು, ಬೂಟು ಒರೆಸಿ, ಅಡುಗೆಮನೆಯ ಮೂಲಕವೇ ಒಳಗೆ ಬರುವುದು. ಸೇತುವೆಗೆ, ಟ್ಯಾಂಕಿಗೆ ಹಿತ್ತಿಲಿರಲಿಲ್ಲ. ಹಾಗಾಗಿ ಲೋರ್ನನ ಉದ್ಘಾಟನೆಗಳಿಗೆ ಇಷ್ಟು ದಿನ ತೊಂದರೆಯಾಗಿರಲಿಲ್ಲ. ಇದು ಗ್ಲೆನಿಸಳ ಅಂಗಡಿ, ಅವಳ ಮನೆಯಿದ್ದ ಹಾಗೆ. ಊರಿಗೆ ಊರೇ ಹಿಂದಿನಿಂದ ಬಂದು ಕುರ್ಚಿ ಹಿಡಿದು, ಜ್ಯಾಮು ಬಳಿದುಕೊಂಡು ತಿನ್ನತೊಡಗಿತ್ತು.

ಬೆರಿಲ್ ಕಿಟಕಿಯಿಂದ ಇಣುಕಿದಳು. "ನಿನ್ನ ಗಂಡ ಅಲ್ಲಿ ನಾಯಿಗೆ ರಸ್ತೆ ಮಾಡಿಸ್ಕೊಡ್ತೀನಿ ಅಂತಿದಾನೆ ನೋಡೇ!"

"ನಾಯಿ ಏನಂತೆ?"

"ಅದೂ ಹಿಂದಿನ ಸಲ ನಂಬಿತ್ತಂತೆ."

ನಗುತ್ತಲೇ ಗ್ಲೆನಿಸ್ ಕೈಯಲ್ಲಿದ್ದ ತಟ್ಟೆ ಕೆಳಗಿಟ್ಟಳು. ಬೆಳಗಿನ ಜಾವ ಹಿಟ್ಟಿನ ಚೀಲವನ್ನು ಸೊಂಟಕ್ಕಾನಿಸಿಕೊಂಡು, ಹಿಂಬಾಗಿಲನ್ನು ಕಾಲಿನಿಂದ ತಳ್ಳಿ ಒಳಗೆ ಬಂದದ್ದು ನೆನಪಾಯಿತು. ಹಾಗಾದರೆ ಇವತ್ತು ತಾನೇ ಮೊದಲು ದಾಟಿ ಆಗಿಹೋಗಿದೆ! ತನಗೇ ಗೊತ್ತಾಗಲಿಲ್ಲ.

ಗಾಜಿನ ಮೇಲೆ ಟಕಟಕ ಸದ್ದು. ಅವಳು ಒಳಗಿನಿಂದ ಮುಂಬಾಗಿಲು ತೆಗೆದಳು. ನಡುವೆ ರಿಬ್ಬನ್, ಆಚೆಗೆ ಲೋರ್ನ್. ಅವನು ಅವಳನ್ನು ನೋಡಿದ, ಅವಳ ಹಿಂದೆ ಬಾಯಿತುಂಬ ತಿನ್ನುತ್ತಿದ್ದ ಊರನ್ನು ನೋಡಿದ. ಕತ್ತರಿಯ ಕೈ ಗಾಳಿಯಲ್ಲೇ ನಿಂತಿತು.

"ಇದನ್ನ ಯಾರು ತೆರೆದ್ರು?"

"ನಾನು. ಬೆಳಿಗ್ಗೇನೇ."

ಅವನು ಕತ್ತರಿಯನ್ನು ಅವಳತ್ತ ಚಾಚಿದ. ಅಲಗು ಅವಳ ಹೊಟ್ಟೆಗೇ ಗುರಿಯಿಟ್ಟಿತ್ತು.

"ತಿರುಗಿಸಿ ಕೊಡು, ಲೋರ್ನ್. ಹಿಡಿಕೆ ನನ್ನ ಕಡೆ."

ತಿರುಗಿಸಿದ. ಆಮೇಲೆ, ಯಾರೂ ಹೇಳದೆ, ಒಂದು ಹೆಜ್ಜೆ ಹಿಂದಕ್ಕೆ, ಎಡಕ್ಕೆ ಸರಿದು ನಿಂತ. ಕೈ ಎಲ್ಲಿಡಬೇಕೆಂದು ಗೊತ್ತಾಗದೆ ಹೊಟ್ಟೆಯ ಮೇಲೆ ಕಟ್ಟಿಕೊಂಡ. ಮೊದಮೊದಲು ತನಗೂ ಹಾಗೇ ಆಗುತ್ತಿತ್ತು ಎಂದು ಗ್ಲೆನಿಸಳಿಗೆ ನೆನಪಾಯಿತು.

ಅವಳು ರಿಬ್ಬನ್ ಕತ್ತರಿಸಿದಳು. ಲೋರ್ನ್ ಭಾಷಣಕ್ಕಾಗಿ ಕಾದ.

"ಕಾಲು ಒರೆಸ್ಕೊಂಡು ಬಾ," ಎಂದಳು.